ಪುಟ ನೂರ ಎಂಬತ್ತೇಳರ ಸಿಳ್ಳೆ

ತಿಹೊಮಿರ್‌ನ ಬದುಕು ಕೆಟ್ಟಿದ್ದು ಬೆಳಿಗ್ಗೆ ಏಳು ಗಂಟೆ ಹತ್ತು ನಿಮಿಷಕ್ಕೆ, ಒಂದು ಪುಸ್ತಕದ ನೂರ ಎಂಬತ್ತೇಳನೇ ಪುಟದಲ್ಲಿ, ಮೇಲಿನಿಂದ ಆರನೇ ಸಾಲಿನಲ್ಲಿ. ಅವನಿನ್ನೂ ಕಾಫಿ ಕೂಡ ಕುಡಿದಿರಲಿಲ್ಲ.

ಪುಸ್ತಕ ತಂದವನು ಕೂಮ ರಾದಿಶಾ. ಮದುವೆಯಲ್ಲಿ ಗಂಡಿನ ಪಕ್ಕ ನಿಂತು ಸಾಕ್ಷಿ ಹೇಳಿ, ಆಮೇಲೆ ಹುಟ್ಟಿದ ಮಗುವನ್ನು ಚರ್ಚಿನಲ್ಲಿ ಎತ್ತಿಕೊಂಡವನೇ ಕೂಮ; ಇಬ್ಬರೂ ಒಬ್ಬರನ್ನೊಬ್ಬರು ಹಾಗೇ ಕರೆಯುತ್ತಾರೆ. ನಮ್ಮ ಊರು ಪಾರಾಚಿನ್‌ನಲ್ಲಿ ಅಣ್ಣನ ಜೊತೆ ಜಗಳ ಆಡಬಹುದು, ಅಪ್ಪನ ಜೊತೆ ಮಾತು ಬಿಡಬಹುದು, ಕೂಮನಿಗೆ ಮಾತ್ರ ಬಾಗಿಲು ತೆರೆಯಲೇಬೇಕು. ಹೆಂಡತಿ ತೀರಿಕೊಂಡ ಮೇಲೆ ರಾದಿಶಾನಿಗೆ ಬೆಳಿಗ್ಗೆ ಬೇಗ ಎಚ್ಚರವಾಗುತ್ತಿತ್ತು. ಹಾಗಾಗಿ ಕೆಟ್ಟ ಸುದ್ದಿಗಳೆಲ್ಲ ಊರಿಗಿಂತ ಮೊದಲು ತಿಹೊಮಿರ್‌ನ ಮನೆಗೆ ಬರುತ್ತಿದ್ದವು.

"ಕೂತ್ಕೋ ಕೂಮ," ಅಂದ ರಾದಿಶಾ.

"ಕೂತೇ ಇದೀನಲ್ಲ."

"ಹಾಗಾದ್ರೆ ಗಟ್ಟಿಯಾಗಿ ಹಿಡ್ಕೊಂಡು ಕೂತ್ಕೋ."

ಪುಸ್ತಕದ ಹೆಸರು ‘ಹುಂಜದ ಹೊಟ್ಟೆಯೊಳಗೆ’. ಬರೆದವನು ಗವ್ರಿಲೊ, ೧೯೭೮ರಲ್ಲಿ ಹುಟ್ಟಿದ ‘ತಗಡಿನ ಹುಂಜ’ ಎಂಬ ರಾಕ್ ತಂಡಕ್ಕೆ ಇಪ್ಪತ್ತು ವರ್ಷ ಧ್ವನಿಮುದ್ರಣ ಮಾಡಿದವನು. ಆ ತಂಡದ ಹಾಡು ಕೇಳದೆ ನಮ್ಮ ಕಡೆ ಒಂದು ತಲೆಮಾರು ಪ್ರೀತಿಸಿಲ್ಲ, ಸೈನ್ಯಕ್ಕೆ ಹೋಗಿಲ್ಲ, ವಿಚ್ಛೇದನ ಪಡೆದಿಲ್ಲ. ೧೯೮೫ರಲ್ಲಿ ಅವರು ನಮ್ಮ ಊರಿನ ಕ್ರೀಡಾಂಗಣದಲ್ಲಿ ಹಾಡಿದ್ದನ್ನು ಜೋಡಿ ಗ್ರಾಮಫೋನ್ ತಟ್ಟೆ ಮಾಡಿ ದೇಶಕ್ಕೆಲ್ಲ ಮಾರಿದರು. ಅದರ ನಾಲ್ಕನೇ ಬದಿಯಲ್ಲಿ, ಕೊನೆಯ ಹಾಡಿಗೆ ಮುಂಚೆ, ಹಾಡುಗಾರ ಒಂದು ಕ್ಷಣ ಸುಮ್ಮನಾಗುತ್ತಾನೆ. ಆ ಮೌನದಲ್ಲಿ ಒಂದು ಸಿಳ್ಳೆ. ಕೆಳಗಿನಿಂದ ಏರಿ, ಮೇಲೆ ಹೋಗಿ, ತುದಿಯಲ್ಲಿ ಸ್ವಲ್ಪ ಮುರಿಯುವ, ನಾಲ್ಕು ಸೆಕೆಂಡಿನ ಸಿಳ್ಳೆ.

ಅದು ತಿಹೊಮಿರ್‌ನ ಸಿಳ್ಳೆ. ಊರಿಗೆಲ್ಲ ಗೊತ್ತು.

ತಿಹೊಮಿರ್ ಎಂದರೆ ನಮ್ಮಲ್ಲಿ ಸದ್ದಿಲ್ಲದ ಶಾಂತಿ ಎಂದರ್ಥ. ಸದ್ದಿಲ್ಲದವನು ಹೆಸರು ಮಾಡಿದ್ದು ಬರೀ ಸದ್ದಿನಿಂದ. ಆವತ್ತು ರಾತ್ರಿ ಅವನು ಇನ್ನೂರು ಸಲ ಸಿಳ್ಳೆ ಹೊಡೆದಿದ್ದ. ತಟ್ಟೆ ಬಂದಾಗ ಅದರಲ್ಲಿ ಒಂದಾದರೂ ತನ್ನದಿರಬೇಕೆಂದು ನಂಬಿದ, ನಂಬಿದ್ದನ್ನು ಹೇಳಿದ, ಹೇಳಿದ್ದನ್ನು ಊರು ನಂಬಿತು. ನೀರು ಸರಬರಾಜು ಕಚೇರಿಯಲ್ಲಿ ಮೀಟರ್ ಓದುವ ಕೆಲಸ ಸಿಕ್ಕಿದ್ದು ಆ ಸಿಳ್ಳೆಯಿಂದ. ಅಭಿಮಾನಿ ಸಂಘದ ಅಧ್ಯಕ್ಷನಾಗಿದ್ದು ಆ ಸಿಳ್ಳೆಯಿಂದ. ಊರಲ್ಲಿ ಅವನನ್ನು ಕರೆಯುವುದೇ ‘ತಗಡಿನ ಹುಂಜ’ ಎಂದು. ಎಲ್ಲಕ್ಕಿಂತ ಹೆಚ್ಚಾಗಿ, ಝಿವ್ಕಾಳಂಥ ಹುಡುಗಿ ತನ್ನಂಥವನನ್ನು ಮದುವೆಯಾಗಿದ್ದು ಆ ಸಿಳ್ಳೆಗಾಗಿಯೇ ಎಂದು ಅವನ ಲೆಕ್ಕ. ಕನ್ನಡಿಯಲ್ಲಿ ಎಷ್ಟು ಸಲ ಹುಡುಕಿದರೂ ಬೇರೆ ಕಾರಣ ಅವನಿಗೆ ಕಂಡಿರಲಿಲ್ಲ. ಈಚೆಗೆ ಮುಂದಿನ ಎರಡು ಹಲ್ಲು ಹೋದ ಮೇಲೆ ಸಿಳ್ಳೆ ಬರುತ್ತಿರಲಿಲ್ಲ, ಗಾಳಿ ಬರುತ್ತಿತ್ತು.

ರಾದಿಶಾ ಕನ್ನಡಕ ಏರಿಸಿ ಓದಿದ. "‘ಪಾರಾಚಿನ್‌ನಲ್ಲಿ ಯಾರೋ ಯಂತ್ರದ ಮೇಲೆ ಬಿಯರ್ ಚೆಲ್ಲಿದ್ದರಿಂದ ಜನರ ಸದ್ದು ಒಂದು ಚೂರೂ ದಾಖಲಾಗಲಿಲ್ಲ. ಚಪ್ಪಾಳೆಯನ್ನು ಒಂದು ಹ್ಯಾಂಡ್‌ಬಾಲ್ ಪಂದ್ಯದಿಂದ ತಂದು ಹಾಕಿದೆ. ಎಲ್ಲರೂ ಹೊಗಳುವ ಆ ಸಿಳ್ಳೆ ನಮ್ಮಮ್ಮನ ಅಡುಗೆಮನೆಯಲ್ಲಿ ಚಹಾಕ್ಕಿಟ್ಟ ಕೆಟಲಿನದು.’"

ತಿಹೊಮಿರ್ ಪುಸ್ತಕ ಕಿತ್ತುಕೊಂಡು ತಾನೂ ಓದಿದ. ಪುಟ ತಿರುಗಿಸಿದ. ಹಿಂದೆ ತಿರುಗಿಸಿದ. ಕೆಟಲ್ ಕೆಟಲಾಗಿಯೇ ಇತ್ತು.

"ಮೂವತ್ತೊಂಬತ್ತು ವರ್ಷ," ಅಂದ. "ಮೂವತ್ತೊಂಬತ್ತು ವರ್ಷ ನಾನೊಂದು ಕೆಟಲ್ ಆಗಿದ್ನಾ?"

"ಒಳ್ಳೇ ಕೆಟಲ್ ಕಣೋ."

"ಝಿವ್ಕಾಗೆ ಗೊತ್ತಾಗ್ಬಾರ್ದು. ಮಾತು ಕೊಡು."

"ಕೊಟ್ಟೆ. ಆದ್ರೆ ಪುಸ್ತಕ ಅಂಗಡಿಗೆ ನಿನ್ನೇನೇ ಬಂದಿದೆ. ಊರೆಲ್ಲ ಓದತ್ತೆ."

ಝಿವ್ಕಾ ಎರಡು ದಿನದಿಂದ ಹಳ್ಳಿಯಲ್ಲಿ ತಂಗಿಯ ಮನೆಯಲ್ಲಿದ್ದಳು. ದಪ್ಪ ಕೆಂಪು ಮೆಣಸಿನಕಾಯಿ ಸುಟ್ಟು, ಸಿಪ್ಪೆ ತೆಗೆದು, ಚಳಿಗಾಲಕ್ಕೆ ಐವಾರ್ ಚಟ್ನಿ ಬಾಟಲಿಗೆ ತುಂಬಿಸಿಕೊಂಡು ಮೂರು ಗಂಟೆಯ ಬಸ್ಸಿಗೆ ಬರುವವಳಿದ್ದಳು. ತಿಹೊಮಿರ್‌ಗೆ ಉಳಿದಿದ್ದು ಎಂಟು ಗಂಟೆಗೂ ಕಮ್ಮಿ.

ಹತ್ತು ಗಂಟೆಗೆ ಸಂಘದವರು ಸೇತುವೆ ಪಕ್ಕದ ಕಫಾನಾದಲ್ಲಿ, ಅಂದರೆ ಊರಿನ ಹೆಂಡದಂಗಡಿಯಲ್ಲಿ, ಸೇರಿದಾಗ ಅದು ಅಭಿಮಾನಿಗಳ ಸಭೆಯಂತಿರಲಿಲ್ಲ, ಹಲ್ಲಿನ ಡಾಕ್ಟರ ಮುಂದೆ ಕೂತ ಸಾಲಿನಂತಿತ್ತು. ಎಲ್ಲರ ಕೈಯಲ್ಲೂ ಪುಸ್ತಕ, ಎಲ್ಲರಿಗೂ ಅವರವರ ಪುಟ. ಹಾಡು ತಂಡದ್ದು, ಪಾಡು ಇವರದ್ದು.

ಕೊಳಾಯಿ ರಿಪೇರಿಯ ಬ್ರಾನಿಮಿರ್ ಅಂಗಿಯ ಗುಂಡಿ ಬಿಚ್ಚಿ ಎದೆ ತೋರಿಸಿದ. ‘ನೀನಿಲ್ಲದೆ ಬಿಳಿಯೂ ಬಿಳಿಯಲ್ಲ’ ಎಂಬ ಹಾಡಿನ ಸಾಲು ಅಲ್ಲಿ ಹಚ್ಚೆಯಾಗಿತ್ತು.

"ಪುಟ ತೊಂಬತ್ಮೂರು," ಅಂದ ಅವನು. "ಬಟ್ಟೆ ಸೋಪಿನ ಪುಡಿ ಪ್ಯಾಕೆಟ್ ಮೇಲಿಂದ ಎತ್ತಿದ ಸಾಲಂತೆ. ಇಪ್ಪತ್ತೇಳು ವರ್ಷದಿಂದ ಎದೆ ಮೇಲೆ ಸೋಪಿನ ಜಾಹೀರಾತು ಹೊತ್ಕೊಂಡು ತಿರುಗ್ತಿದೀನಿ. ನಂಗೆ ಒಂದು ಡಬ್ಬ ಪುಡೀನೂ ಕೊಟ್ಟಿಲ್ಲ ಅವ್ರು."

"ನಿನ್ನದು ಅಂಗಿ ಹಾಕಿದ್ರೆ ಮುಚ್ಚತ್ತೆ," ಅಂದಳು ಶಾಲಾ ಶಿಕ್ಷಕಿ ಲ್ಯುಬಿಂಕಾ. "ನಾನು ಮಗಳಿಗೆ ನೆವೆನಾ ಅಂತ ಹೆಸರಿಟ್ಟೆ. ಅವ್ರ ಪ್ರೇಮದ ಹಾಡಲ್ಲಿ ಬರ್ತಾಳಲ್ಲ, ಆ ನೆವೆನಾ. ಗಿಟಾರಿನವನ ನಾಯಿ ಅಂತೆ ಅದು. ಹೆಣ್ಣು ನಾಯಿ ಕೂಡ ಅಲ್ಲ."

"ಮಗಳಿಗೆ ಹೇಳಿದ್ಯಾ ಅಕ್ಕ?" ಬ್ರಾನಿಮಿರ್ ಕೇಳಿದ.

"ಅವಳೇ ಫೋನ್ ಮಾಡಿ ಬೊಗಳಿದ್ಲು."

ಎಲ್ಲರೂ ತಿಹೊಮಿರ್‌ನ ಕಡೆ ನೋಡಿದರು. ಅಧ್ಯಕ್ಷ ಏನಾದರೂ ಹೇಳಬೇಕು. ಮೂರು ಗ್ಲಾಸು ರಾಕಿಯಾ, ಅದೇ ಹಣ್ಣಿನ ಸಾರಾಯಿ, ಒಳಗೆ ಹೋಗಿತ್ತು. ಮುಳುಗುವವನಿಗೆ ಬರುವಂಥ ಯೋಚನೆ ಅವನಿಗೆ ಬಂತು.

"ಸತ್ತವರ ಬಗ್ಗೆ ನಲವತ್ತು ದಿನ ಯಾರಾದ್ರೂ ಕೆಟ್ಟ ಮಾತಾಡ್ತಾರಾ ಈ ಊರಲ್ಲಿ?"

"ಎಲ್ಲಾದ್ರೂ ಉಂಟಾ," ಅಂದಳು ಲ್ಯುಬಿಂಕಾ. "ನಲವತ್ತೊಂದನೇ ದಿನಕ್ಕೆ ಶುರು ಮಾಡ್ತಾರೆ."

"ಹಾಗಾದ್ರೆ ತಂಡ ಸತ್ತೋಯ್ತು ಅಂತ ಹೇಳೋಣ. ಕಪ್ಪು ಗೀಟಿನ ಚೀಟಿ ಅಂಟಿಸೋಣ, ಊರು ತುಂಬ. ನಲವತ್ತು ದಿನ ಆ ಪುಸ್ತಕದ ಬಗ್ಗೆ ಯಾರೂ ಬಾಯಿ ಬಿಡಲ್ಲ. ಅಷ್ಟೊತ್ತಿಗೆ ಚುನಾವಣೆ ಬರತ್ತೆ, ಎಲ್ಲ ಮರೆತೋಗತ್ತೆ."

ಬ್ರಾನಿಮಿರ್‌ನ ಕಣ್ಣಲ್ಲಿ ನೀರು ಬಂತು.

ಸಾವಿನ ಚೀಟಿ ಅಚ್ಚು ಹಾಕುವುದು ಶವಪೆಟ್ಟಿಗೆ ಅಂಗಡಿಯ ಸ್ತಾಮೆನ್ಕಾ. ಸಾಲು ಬರೆದುಕೊಟ್ಟರೆ ಒಂದು ಗಂಟೆಯೊಳಗೆ ಚೀಟಿ ಬಸ್ ನಿಲ್ದಾಣದ ಮರಕ್ಕೆ, ಸೇತುವೆಯ ಕಂಬಿಗೆ, ಬೇಕರಿಯ ಗೋಡೆಗೆ ಏರುತ್ತದೆ. ಸ್ತಾಮೆನ್ಕಾ ಮೂವತ್ತು ವರ್ಷದಲ್ಲಿ ಒಂದು ಚೀಟಿಯನ್ನೂ ಫೋಟೋ ಇಲ್ಲದೆ ಬಿಟ್ಟವಳಲ್ಲ.

"ಫೋಟೋ?" ಅಂದಳು, ತಲೆ ಎತ್ತದೆ.

ತಿಹೊಮಿರ್ ತಟ್ಟೆಯ ಹೊದಿಕೆಯ ಮೇಲಿದ್ದ ಹುಂಜದ ಚಿತ್ರ ತೋರಿಸಿದ.

"ಕೋಳಿ ಹಾಕೋ ಹಾಗಿಲ್ಲ. ಪಾದ್ರಿ ಬೈತಾರೆ. ಜವಾಬ್ದಾರಿ ಯಾರ್ದು, ಗುರುತಿನ ಚೀಟಿ ಇಟ್ಟೋಗಿ. ಮಿಕ್ಕಿದ್ದು ನಾನು ನೋಡ್ಕೋತೀನಿ."

ಅವನು ಸಂಘದ ಸದಸ್ಯತ್ವದ ಕಾರ್ಡ್ ಕೊಟ್ಟು, ಎದೆಯ ಭಾರ ಇಳಿಸಿಕೊಂಡು, ನದಿಯ ದಡಕ್ಕೆ ಹೋಗಿ ಒಂದು ವಿಲೋ ಮರದ ಕೆಳಗೆ ನಿದ್ದೆ ಮಾಡಿದ. ಸ್ತಾಮೆನ್ಕಾ ಮಿಕ್ಕಿದ್ದು ನೋಡಿಕೊಂಡಳು. ಕಾರ್ಡಿನಲ್ಲಿ ಚೆನ್ನಾಗಿ ನಗುತ್ತಿದ್ದ ಒಂದು ಫೋಟೋ ಇತ್ತು. ವಿಳಾಸವೂ ಇತ್ತು. ಪದ್ಧತಿಯಂತೆ ಒಂದು ಚೀಟಿ ಆ ಮನೆಯ ಗೇಟಿಗೂ ಹೋಯಿತು.

ಒಂದೂವರೆಗೆ ತಿಹೊಮಿರ್ ಎದ್ದು ಊರೊಳಗೆ ಬಂದಾಗ ಬೇಕರಿಯವನು ಬುರೆಕ್ ತುಂಬಿದ ತಟ್ಟೆಯನ್ನು ಕೈಬಿಟ್ಟ. ಎದುರು ಬಂದ ಇಬ್ಬರು ಹೆಂಗಸರು ಶಿಲುಬೆಯ ಗುರುತು ಮಾಡಿಕೊಂಡು ರಸ್ತೆಯ ಆಚೆ ಬದಿಗೆ ಹೋದರು. ರಾಕಿಯಾದ ವಾಸನೆ ಅಷ್ಟು ದೂರ ಹೊಡೆಯುತ್ತಿದೆಯೇ ಎಂದು ಅವನು ಬಾಯಿಗೆ ಕೈ ಅಡ್ಡ ಹಿಡಿದುಕೊಂಡ. ಆಮೇಲೆ ಬೇಕರಿಯ ಗೋಡೆ ಕಂಡಿತು.

ಕಪ್ಪು ಗೀಟು. ಒಳಗೆ ಅವನದೇ ಮುಖ, ಹಲ್ಲಿದ್ದ ಕಾಲದ್ದು. ಕೆಳಗೆ ದಪ್ಪ ಅಕ್ಷರದಲ್ಲಿ:

"ನಮ್ಮೆಲ್ಲರ ಪ್ರೀತಿಯ ತಗಡಿನ ಹುಂಜ. ೧೯೭೮–೨೦೨೪. ತುಂಬಲಾರದ ನಷ್ಟ. ದುಃಖತಪ್ತ ಅಭಿಮಾನಿಗಳು."

ಅವನು ಮನೆಗೆ ಓಡಿದ. ಐವತ್ತೊಂಬತ್ತನೇ ವಯಸ್ಸಿನಲ್ಲಿ ಹಾಗೆ ಓಡಿದ್ದಕ್ಕೆ ಆ ಚೀಟಿ ನಿಜವಾಗುವುದರಲ್ಲಿತ್ತು.

ಗೇಟು ಹಾರುಹೊಡೆದಿತ್ತು. ಅಂಗಳದಲ್ಲಿ ಮೂವತ್ತು ಜನ. ಪಕ್ಕದ ಮನೆಯ ದೆಸಾಂಕಾ ಅತ್ತೆ ತನ್ನ ಹತ್ತಿರವಿದ್ದ ಬೀಗದ ಕೈಯಿಂದ ಬಾಗಿಲು ತೆಗೆದು, ಕನ್ನಡಿಗೆ ಬಟ್ಟೆ ಹೊದಿಸಿ, ಮೇಣದ ಬತ್ತಿ ಹಚ್ಚಿ, ಮೂರು ಮನೆಯಿಂದ ಕುರ್ಚಿ ತರಿಸಿದ್ದಳು. ಮೇಜಿನ ಮೇಲೆ ಜನ ತಂದ ಕಾಫಿಪುಡಿ ಪೊಟ್ಟಣ, ಸಕ್ಕರೆ ಪೆಟ್ಟಿಗೆಗಳು ಅಂಗಡಿಯ ಹಾಗೆ ಪೇರಿದ್ದವು. ಎಲ್ಲರೂ ಗ್ಲಾಸಿನಿಂದ ಎರಡು ಹನಿ ರಾಕಿಯಾ ನೆಲಕ್ಕೆ ಚೆಲ್ಲಿ ಮಿಕ್ಕಿದ್ದನ್ನು ತಮ್ಮೊಳಗೆ ಚೆಲ್ಲಿಕೊಳ್ಳುತ್ತಿದ್ದರು.

"ಬಂದ್ಯಾ," ಅಂದಳು ದೆಸಾಂಕಾ ಅತ್ತೆ, ಕೆಲಸಕ್ಕೆ ತಡವಾಗಿ ಬಂದವನನ್ನು ನೋಡುವ ಹಾಗೆ ನೋಡಿ. "ನೀನು ಬರೋ ಹಾಗಿಲ್ವಲ್ಲೋ."

"ಅತ್ತೆ, ನಾನು ಸತ್ತಿಲ್ಲ."

"ಗೇಟಿಗೆ ಅಂಟಿಸಿದಾರಲ್ಲ. ವಯಸ್ಸು ಮಾತ್ರ ಕಮ್ಮಿ ಹಾಕಿದಾರೆ, ಪಾಪ, ಹೋದ್ಮೇಲಾದ್ರೂ ಚಿಕ್ಕವನಾಗಿ ಕಾಣ್ಲಿ ಅಂತ."

"ಮುಟ್ಟಿ ನೋಡಿ ಬೇಕಾದ್ರೆ."

ಅವಳು ಮುಟ್ಟಿ ನೋಡಿದಳು. ಚಿವುಟಿಯೂ ನೋಡಿದಳು. "ಬಿಸಿ ಇದಾನೆ," ಎಂದು ಅಂಗಳಕ್ಕೆ ಸಾರಿದಳು. ಅಂಗಳದಲ್ಲಿ ಸಂತೋಷಕ್ಕಿಂತ ಗೊಂದಲ ಹೆಚ್ಚಾಯಿತು. ಒಬ್ಬ ತಂದ ಸಕ್ಕರೆಯನ್ನು ವಾಪಸ್ ತೆಗೆದುಕೊಳ್ಳಬಹುದೇ ಎಂಬಂತೆ ಮೇಜಿನ ಕಡೆ ನೋಡಿದ.

"ಹಾಗಾದ್ರೆ ಸತ್ತೋರು ಯಾರು?" ಅಂದಳು ದೆಸಾಂಕಾ ಅತ್ತೆ. "ಗೋಧಿ ಬೇಯಿಸಿದೀನಿ. ಯಾರ ಹೆಸರಲ್ಲಿ ತಿನ್ನೋದು?"

ಇಲ್ಲಿ ತಿಹೊಮಿರ್ ಸಿಕ್ಕಿಬಿದ್ದ. ಸತ್ತಿದ್ದು ತಂಡ ಅಂದರೆ, ತಂಡ ಯಾಕೆ ಸತ್ತಿತು ಅಂತಾರೆ. ಪುಸ್ತಕದಿಂದ ಅಂದರೆ, ಪುಸ್ತಕದಲ್ಲೇನಿದೆ ಅಂತಾರೆ. ಯಾವ ದಾರಿಯಲ್ಲಿ ಹೋದರೂ ಕೊನೆಗೆ ನೂರ ಎಂಬತ್ತೇಳನೇ ಪುಟವೇ ಸಿಗುತ್ತಿತ್ತು. ಬದುಕಿದ್ದರೆ ಸಿಳ್ಳೆ ಸುಳ್ಳಾಗುತ್ತದೆ, ಸತ್ತರೆ ಉಳಿಯುತ್ತದೆ.

"ಅತ್ತೆ," ಅಂದ ಮೆಲ್ಲಗೆ, "ಒಂದೆರಡು ಗಂಟೆ ನಾನೇ ಸತ್ತಿದೀನಿ ಅಂದ್ಕೊಂಡುಬಿಡಿ. ಜನ ಹೋಗ್ಲಿ, ಆಮೇಲೆ ಹೇಳ್ತೀನಿ."

"ನಂಗೇನು. ಗೋಧಿ ತಿಂದು ಸಾಯಿ."

ಹೀಗೆ ತನ್ನ ಆತ್ಮದ ಶಾಂತಿಗೆ ಬೇಯಿಸಿದ ಗೋಧಿಯನ್ನು, ಮೇಲೆ ಪುಡಿ ಸಕ್ಕರೆ ಉದುರಿಸಿದ್ದನ್ನು, ತಿಹೊಮಿರ್ ತಾನೇ ಮೂಲೆಯ ಕುರ್ಚಿಯಲ್ಲಿ ಕೂತು ತಿಂದ. ರಾದಿಶಾ ಬಂದು ಎದುರಿನ ಕುರ್ಚಿಯಲ್ಲಿ ಕೂತ. ಜನ ಏನು ಕೇಳಿದರೂ "ನಾನು ಮಾತು ಕೊಟ್ಟಿದೀನಿ" ಎಂದು ಮಾತ್ರ ಹೇಳುತ್ತಿದ್ದ.

ಎರಡೂವರೆಗೆ ನೀರಿನ ಕಚೇರಿಯ ಡೈರೆಕ್ಟರ್ ವುಕಾಶಿನ್ ಹೂವಿನ ಚಕ್ರ ಹಿಡಿದು ಬಂದರು. ಮೂಲೆಯಲ್ಲಿ ಯಾರಿದ್ದಾರೆಂದು ನೋಡದೆ ಗಂಟಲು ಸರಿಮಾಡಿಕೊಂಡರು.

"ಆತ ಮೀಟರ್ ಸರಿಯಾಗಿ ಓದ್ತಿರ್ಲಿಲ್ಲ, ನಿಜ. ಆರನ್ನ ಎಂಟು ಅಂತ ಬರೀತಿದ್ದ. ಆದ್ರೆ ಆ ಸಿಳ್ಳೆ ಇದೆಯಲ್ಲ, ಅದು ಪಾರಾಚಿನ್‌ನ ಉಸಿರು. ಈ ನೀರು, ಈ ಕೊಳವೆ ಎಲ್ಲ ತುಕ್ಕು ಹಿಡೀತವೆ. ಸಿಳ್ಳೆ ಹಿಡಿಯಲ್ಲ."

ತಿಹೊಮಿರ್ ಬಿಕ್ಕಿದ. ಬದುಕಿದ್ದಾಗ ಯಾರೂ ಇಷ್ಟು ಒಳ್ಳೆಯ ಮಾತು ಆಡಿರಲಿಲ್ಲ. ಬಿಕ್ಕಿದ ಸದ್ದಿಗೆ ಡೈರೆಕ್ಟರ್ ತಿರುಗಿ ನೋಡಿದರು.

"ಇದೇನಯ್ಯಾ."

"ನಮಸ್ಕಾರ ಸರ್. ನಾಳೆ ಕೆಲಸಕ್ಕೆ ಬರ್ತೀನಿ."

"ಎಲ್ಲಿಗ್ ಬರ್ತೀಯ? ಹನ್ನೆರಡೂವರೆಗೆ ನಿನ್ನ ಜಾಗಕ್ಕೆ ನನ್ನ ತಂಗಿ ಅಳಿಯನ್ನ ಹಾಕ್ಕೊಂಡಾಯ್ತು. ಸಹಿ ಬಿದ್ದಿದೆ, ಸೀಲ್ ಬಿದ್ದಿದೆ."

"ಸರ್, ನಾನು ಹೋಗಿ ಒಂದು ಗಂಟೆ ಕೂಡ ಆಗಿರ್ಲಿಲ್ಲ."

"ನೀನು ಹೋಗ್ತೀಯ ಅಂತ ಅವನು ಏಳು ವರ್ಷದಿಂದ ಕಾಯ್ತಿದ್ದ ಕಣಯ್ಯಾ." ವುಕಾಶಿನ್ ಹೂವಿನ ಚಕ್ರವನ್ನು ಗೋಡೆಗೊರಗಿಸಿ, ಮೋಸಹೋದವರ ಮುಖ ಮಾಡಿಕೊಂಡು ರಾಕಿಯಾ ಕೇಳಿದರು.

ಕೆಲಸ ಹೋಯಿತು. ತಿಹೊಮಿರ್ ಅದನ್ನು ಲೆಕ್ಕಕ್ಕೇ ಇಟ್ಟುಕೊಳ್ಳಲಿಲ್ಲ. ಅವನ ಕಣ್ಣು ತೆರೆದ ಬಾಗಿಲಿನಾಚೆಯ ಗೋಡೆ ಗಡಿಯಾರದ ಮೇಲಿತ್ತು. ಸಾವಿಗೆ ಗಡಿಯಾರ ನಿಲ್ಲಿಸುವ ಪದ್ಧತಿಯಂತೆ ದೆಸಾಂಕಾ ಅತ್ತೆ ಅದನ್ನೂ ನಿಲ್ಲಿಸಿದ್ದಳು. ಹಾಗಾಗಿ ಮೂರು ಗಂಟೆಯಾದದ್ದು ಅವನಿಗೆ ಗೊತ್ತಾಗಿದ್ದು ಗೇಟಿನ ಸದ್ದಿನಿಂದ.

ಝಿವ್ಕಾ ಎರಡು ಕೈಯಲ್ಲೂ ಐವಾರ್ ಬಾಟಲಿಗಳ ಚೀಲ ಹಿಡಿದು, ಕಂಕುಳಲ್ಲಿ ಬಸ್ ನಿಲ್ದಾಣದ ಮರದಿಂದ ಕಿತ್ತ ಚೀಟಿ ಅವುಚಿಕೊಂಡು ನಿಂತಿದ್ದಳು. ಅಳುತ್ತಿರಲಿಲ್ಲ. ಅಂಗಳ ನೋಡಿದಳು, ಸಕ್ಕರೆ ನೋಡಿದಳು, ಗೋಧಿ ತಿನ್ನುತ್ತಿದ್ದ ಗಂಡನನ್ನು ನೋಡಿದಳು.

"ಎರಡು ದಿನ ಬಿಟ್ಟುಹೋಗೋ ಹಾಗಿಲ್ಲ ನಿನ್ನ."

"ನೀನು ಗಾಬರಿ ಆಗ್ಲಿಲ್ವಾ?" ಅಂದ ತಿಹೊಮಿರ್.

"ನಂಬಿದ್ರೆ ತಾನೆ. ನೀನು ಸತ್ತಿದ್ರೂ ಮೊದ್ಲು ಫೋನ್ ಮಾಡಿ ಕರೀ ಪ್ಯಾಂಟ್ ಎಲ್ಲಿದೆ ಅಂತ ಕೇಳಿರ್ತಿದ್ದೆ." ಚೀಲ ಇಳಿಸಿದಳು. "ಏನಿದು? ಒಬ್ರಾದ್ರೂ ಹೇಳಿ."

ಎಲ್ಲರೂ ರಾದಿಶಾನನ್ನು ನೋಡಿದರು. ರಾದಿಶಾ ನೆಲ ನೋಡಿದ. ಬ್ರಾನಿಮಿರ್ ಕಫಾನಾದಿಂದ ಆಗಷ್ಟೇ ಬಂದವನು, ಅಂಗಿ ಇನ್ನೂ ಬಿಚ್ಚಿಯೇ ಇದ್ದವನು, "ಅತ್ತಿಗೆ, ನಾವೆಲ್ಲ ಸತ್ತೋದ್ವಿ" ಎಂದು ಗೋಡೆಗೊರಗಿದ.

ತಿಹೊಮಿರ್ ತಟ್ಟೆ ಕೆಳಗಿಟ್ಟು ಎದ್ದ. ಇಡೀ ದಿನ ಓಡಿದ್ದ ಭಯ ಈಗ ಕಾಲು ಸೋತು ಅಲ್ಲೇ ಕೂತಿತ್ತು.

"ಝಿವ್ಕಾ, ಆ ಸಿಳ್ಳೆ ನಂದಲ್ಲ. ಪುಸ್ತಕದಲ್ಲಿ ಬರೆದಿದಾರೆ, ಪುಟ ನೂರೆಂಬತ್ತೇಳು. ನಮ್ಮೂರಿನ ಸದ್ದು ತಟ್ಟೆಗೆ ಬಿದ್ದೇ ಇಲ್ಲವಂತೆ. ಅದು ಒಂದು ಕೆಟಲ್ ಅಂತೆ. ನೀನು ಮದುವೆ ಆಗಿದ್ದು ಕೆಟಲನ್ನ. ನಾನು ಬೇಕಂತ ಸುಳ್ಳು ಹೇಳ್ಲಿಲ್ಲ ಕಣೇ, ನಂದೇ ಅಂದ್ಕೊಂಡಿದ್ದೆ. ನಂದು ಅಂತ ಇದ್ದಿದ್ದು ಅದೊಂದೇ."

ಡೈರೆಕ್ಟರ್ ತಮ್ಮ ಭಾಷಣ ವಾಪಸ್ ಪಡೆಯುವುದು ಹೇಗೆಂದು ಯೋಚಿಸುತ್ತಿದ್ದರು.

"ಕೆಟಲ್ ಅಂತೆ," ಅಂದಳು ಝಿವ್ಕಾ.

ಅವಳು ಮೆಣಸಿನಕಾಯಿಯ ಕೆಂಪು ಅಂಟಿದ್ದ ಬೆರಳುಗಳನ್ನು ಲಂಗಕ್ಕೆ ಒರೆಸಿಕೊಂಡಳು. ಎರಡು ಬೆರಳು ನಾಲಿಗೆಯ ಕೆಳಗಿಟ್ಟಳು.

ಕೆಳಗಿನಿಂದ ಏರಿತು, ಮೇಲೆ ಹೋಯಿತು, ತುದಿಯಲ್ಲಿ ಸ್ವಲ್ಪ ಮುರಿಯಿತು. ನಾಲ್ಕು ಸೆಕೆಂಡು. ಬೀದಿಯ ನಾಯಿಗಳೆಲ್ಲ ಎದ್ದು ನಿಂತವು. ಅಂಗಳದ ಜನ ಆ ಸಿಳ್ಳೆಯನ್ನು ಮೂವತ್ತೊಂಬತ್ತು ವರ್ಷ ಮದುವೆಯಲ್ಲಿ, ಕಾರಿನಲ್ಲಿ, ಸ್ನಾನದ ಮನೆಯಲ್ಲಿ ಕೇಳಿದವರು. ಒಬ್ಬರಿಗೂ ಅನುಮಾನ ಉಳಿಯಲಿಲ್ಲ.

"ಗವ್ರಿಲೊ ಸುಳ್ಳ," ಎಂದು ಬ್ರಾನಿಮಿರ್ ಅಳತೊಡಗಿದ. "ಪುಸ್ತಕ ಸುಳ್ಳು. ಸಿಳ್ಳೆ ನಮ್ಮೂರಿನದೇ. ಸೋಪಿನ ಪುಡೀನೂ ಸುಳ್ಳೇ ಇರ್ಬೇಕು." ಲ್ಯುಬಿಂಕಾ ಮಗಳಿಗೆ ಫೋನ್ ಮಾಡಿದಳು. ಗ್ಲಾಸುಗಳು ಮತ್ತೆ ತುಂಬಿದವು. ಯಾರೋ ಝಿವ್ಕಾಳನ್ನು ಸಂಘದ ಅಧ್ಯಕ್ಷೆ ಮಾಡಬೇಕೆಂದರು, ಎಲ್ಲರೂ ಕೈ ಎತ್ತಿದರು. ಖುಷಿಯ ಭರದಲ್ಲಿ ತಿಹೊಮಿರ್ ಕೂಡ ಎತ್ತಿದ. ಕೈ ಮೇಲಿರುವಾಗಲೇ ಅವನಿಗೆ ಅರ್ಥವಾಯಿತು: ತಟ್ಟೆಯಲ್ಲಿದ್ದ ಸಿಳ್ಳೆ ಅವಳದು.

"ಇಷ್ಟು ವರ್ಷ ಯಾಕೆ ಹೇಳ್ಲಿಲ್ಲ?"

"ಹುಡುಗಿ ಅಷ್ಟು ಜನರ ಮಧ್ಯ ಸಿಳ್ಳೆ ಹೊಡೆದ್ಲು ಅಂದಿದ್ರೆ ನಮ್ಮಪ್ಪ ನನ್ನ ಕಾಲು ಮುರೀತಿದ್ರು. ಆಮೇಲೆ ನೀನು ನಂದು ನಂದು ಅಂತ ಕುಣೀತಿದ್ದೆ. ಮಕ್ಕಳ ಕೈಯಿಂದ ಆಟದ ಸಾಮಾನು ಕಿತ್ಕೊಳೋ ಹಾಗಾಗಿತ್ತು. ಇರ್ಲಿ ಅಂತ ಬಿಟ್ಟೆ."

ಸಿಳ್ಳೆ ಹೋಯಿತು, ಕೆಲಸ ಹೋಯಿತು, ಅಧ್ಯಕ್ಷಗಿರಿ ಹೋಯಿತು. ಆದರೂ ತಿಹೊಮಿರ್‌ನ ಮುಖದಲ್ಲಿ ನಿಧಾನವಾಗಿ ಒಂದು ಬೆಳಕು ಮೂಡಿತು. ಆವತ್ತು ಆ ಮೌನದಲ್ಲಿ ಅವನು ಹಿಂದೆ ತಿರುಗಿ ನೋಡಿದ್ದು, ಎರಡು ಸಾಲು ಆಚೆ ನಿಂತಿದ್ದ ಹುಡುಗಿಯ ಕಣ್ಣಿಗೆ ಕಣ್ಣು ಸೇರಿದ್ದು, ಅಲ್ಲಿಂದಲೇ ಎಲ್ಲ ಶುರುವಾಗಿದ್ದು ಅವನಿಗೆ ನೆನಪಾಯಿತು.

"ಅಂದ್ರೆ," ಅಂದ, ಹಲ್ಲಿಲ್ಲದ ಜಾಗವೂ ನಗುತ್ತಿತ್ತು, "ಆ ಸಿಳ್ಳೆ ಹೊಡೆದಿದ್ದು ನಂಗೆ."

ಝಿವ್ಕಾ ಬಾಟಲಿಗಳನ್ನು ಒಂದೊಂದಾಗಿ ಚೀಲದಿಂದ ತೆಗೆದು ಸಕ್ಕರೆಯ ಪಕ್ಕ ಜೋಡಿಸುತ್ತಿದ್ದಳು. ಬಾಯಿಗೆ ಬಂದ ಮಾತನ್ನು ಎರಡು ಸಲ ಯೋಚಿಸುವ ಅಭ್ಯಾಸ ಅವಳಿಗೆ ಯಾವತ್ತೂ ಇರಲಿಲ್ಲ.

"ನಿಂಗಲ್ಲ ಕಣೋ. ನಿನ್ನ ಪಕ್ಕ ನಿಂತಿದ್ನಲ್ಲ, ರಾದಿಶಾ, ಅವನನ್ನ ಕರೆದಿದ್ದು. ಅವನು ತಿರುಗ್ಲೇ ಇಲ್ಲ. ನೀನು ತಿರುಗಿದೆ."

ಎದುರಿನ ಕುರ್ಚಿಯಲ್ಲಿ, ಇಷ್ಟು ಹೊತ್ತು ನೆಲ ನೋಡುತ್ತ ಕೂತಿದ್ದ ಕೂಮ ರಾದಿಶಾ ಕಾಫಿ ಬಟ್ಟಲು ಕೆಳಗಿಟ್ಟ. ಆಮೇಲೆ, ಮೂವತ್ತೊಂಬತ್ತು ವರ್ಷ ತಡವಾಗಿ, ಮೆಲ್ಲಗೆ ಅವಳ ಕಡೆಗೆ ತಿರುಗಿದ.